ಕಟಕಟೆಯಲ್ಲಿ ಕ್ರೋಮೋಸೋಮ್

ಅಮೆರಿಕದ ‘ಲಾ ಅಂಡ್ ಆರ್ಡರ್’ ಧಾರಾವಾಹಿಯ ಕಂತುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೊದಲರ್ಧದಲ್ಲಿ ಪೊಲೀಸರು ಕೊಲೆಗಾರನನ್ನು ಹಿಡಿಯುತ್ತಾರೆ, ಉಳಿದರ್ಧದಲ್ಲಿ ವಕೀಲರು ಅವನ ಮೊಕದ್ದಮೆ ನಡೆಸುತ್ತಾರೆ. 1993ರಲ್ಲಿ ಪ್ರಸಾರವಾದ ‘ಬಾರ್ನ್ ಬ್ಯಾಡ್’ ಎಂಬ ಕಂತಿನಲ್ಲಿ ಹದಿಹರೆಯದ ಹುಡುಗನೊಬ್ಬನ ಮೇಲೆ ಇನ್ನೊಬ್ಬ ಹುಡುಗನನ್ನು ಕೊಂದ ಆರೋಪ. ಅವನ ಪರ ವಕೀಲೆ ಹಿಡಿಯುವ ದಾರಿಯೇ ಬೇರೆ. ಹುಡುಗನ ಜೀವಕೋಶಗಳಲ್ಲಿ ಒಂದು ವೈ ಕ್ರೋಮೋಸೋಮ್ ಹೆಚ್ಚಿಗೆ ಇದೆ, ಹಿಂಸೆ ಅವನಿಗೆ ಹುಟ್ಟಿನಿಂದಲೇ ಬಂದದ್ದು, ಹುಟ್ಟಿದ್ದಕ್ಕೆ ಯಾರನ್ನಾದರೂ ಹೊಣೆ ಮಾಡುವುದು ಹೇಗೆ ಎಂದು ಅವಳು ವಾದಿಸುತ್ತಾಳೆ.

2001ರಲ್ಲಿ ಇದೇ ಬಳಗದ ‘ಸ್ಪೆಷಲ್ ವಿಕ್ಟಿಮ್ಸ್ ಯುನಿಟ್’ ಧಾರಾವಾಹಿ ‘ಇನ್‌ಹೆರಿಟೆನ್ಸ್’ ಎಂಬ ಕಂತಿನಲ್ಲಿ ಅದೇ ವಾದವನ್ನು ಇನ್ನಷ್ಟು ಬಿಗಿಯಾಗಿ ಹೆಣೆಯಿತು. ಆರೋಪಿ ಅತ್ಯಾಚಾರದಿಂದ ಹುಟ್ಟಿದವನು. ತಂದೆಯ ಕ್ರೌರ್ಯ ಇವನ ರಕ್ತಕ್ಕೂ ಇಳಿದಿದೆ ಎಂದು ಅವನ ವಕೀಲರು ಹೇಳುತ್ತಾರೆ. ಆ ಪ್ರಕರಣದ ತನಿಖೆ ಮಾಡಿದ ಪೊಲೀಸ್ ಅಧಿಕಾರಿ ಒಲಿವಿಯಾ ಬೆನ್ಸನ್ ಕೂಡ ಅತ್ಯಾಚಾರದಿಂದಲೇ ಹುಟ್ಟಿದವಳು ಎಂಬುದು ನೋಡುಗರಿಗೆ ಮೊದಲೇ ಗೊತ್ತು. ಕಥೆ ಬರೆದವರ ಜಾಣತನ ಇರುವುದು ಇಲ್ಲೇ. ವಕೀಲರ ಮಾತಿಗೆ ಯಾವ ತಜ್ಞನೂ ಕೊಡಲಾರದ ಉತ್ತರವನ್ನು ಅವಳ ಬದುಕು ಕೊಟ್ಟಿರುತ್ತದೆ. ಆದರೂ ಆ ಮಾತು ಅವಳನ್ನು ಒಳಗೊಳಗೇ ಕೊರೆಯುತ್ತದೆ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಕೇಳಿಕೊಂಡೇ ಬೆಳೆದ ನಮಗೆ ಈ ವಾದದಲ್ಲಿ ಹೊಸದೇನೂ ಕಾಣದು. ಟೀವಿ ಆ ಗಾದೆಗೆ ಪ್ರಯೋಗಾಲಯದ ಮೊಹರು ಒತ್ತುತ್ತದೆ, ಅಷ್ಟೇ. ಒಟಿಟಿ ಬಂದಮೇಲೆ ಇಂಥ ಸರಣಿಗಳು ನಮ್ಮ ಮನೆಯ ಮಕ್ಕಳ ಮೊಬೈಲಿನಲ್ಲೂ ಓಡುತ್ತಿವೆ. ‘ಪಾಪ, ಅವನ ಜೀನೇ ಹಾಗಿತ್ತಂತೆ’ ಎಂಬ ಮಾತು ಊಟದ ಹೊತ್ತಿಗೆ ಸಲೀಸಾಗಿ ಬಂದುಬಿಡುತ್ತದೆ. ಹಾಗಾಗಿ ಆ ಮೊಹರು ಎಷ್ಟು ಅಸಲಿ ಎಂದು ಸಾವಧಾನವಾಗಿ ನೋಡಬೇಕಾಗಿದೆ.

ಹೆಚ್ಚಿನ ವೈಯಿಂದಲೇ ಶುರು ಮಾಡೋಣ. ಸಾಮಾನ್ಯವಾಗಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ ಕ್ರೋಮೋಸೋಮ್ ಇರುತ್ತವೆ. ಸುಮಾರು ಸಾವಿರಕ್ಕೊಬ್ಬ ಗಂಡಸಿಗೆ ವೈ ಎರಡಿರುತ್ತವೆ. ಅಂಥ ವ್ಯಕ್ತಿಯೊಬ್ಬನ ಬಗ್ಗೆ ಮೊದಲ ವರದಿ ಬಂದದ್ದು 1961ರಲ್ಲಿ. ಆ ಮನುಷ್ಯ ಯಾವ ಅಪರಾಧವನ್ನೂ ಮಾಡಿದವನಲ್ಲ. ಆದರೆ 1965ರಲ್ಲಿ ಪೆಟ್ರೀಷಿಯಾ ಜೇಕಬ್ಸ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ ಕಾರ್‌ಸ್ಟೇರ್ಸ್ ಎಂಬಲ್ಲಿದ್ದ ಬಿಗಿ ಕಾವಲಿನ ಆಸ್ಪತ್ರೆಯಲ್ಲಿ ಹುಡುಕಿದರು. ಅಪಾಯಕಾರಿಗಳೆಂದು ಕೂಡಿಹಾಕಿದ್ದ, ಬುದ್ಧಿಮಟ್ಟ ಕಡಿಮೆಯಿದ್ದ ಸುಮಾರು 200 ಗಂಡಸರಲ್ಲಿ 7 ಮಂದಿಗೆ ಎರಡು ವೈ ಸಿಕ್ಕಿತು. ಹೊರಗಿನ ಪ್ರಮಾಣಕ್ಕೆ ಹೋಲಿಸಿದರೆ ಇದು ತುಂಬ ಹೆಚ್ಚು. ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪುಟ್ಟ ಲೇಖನದ ಶೀರ್ಷಿಕೆಯಲ್ಲೇ ಆಕ್ರಮಣಶೀಲತೆ ಎಂಬ ಪದವಿತ್ತು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು.

ಒಂದು ಸಂಗತಿಯನ್ನು ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ. ಕೂಡಿಹಾಕಿದವರ ನಡುವೆಯಷ್ಟೇ ಹುಡುಕಿದರೆ ಸಿಗುವವರೂ ಕೂಡಿಹಾಕಿದವರೇ. ಎರಡು ವೈ ಹೊತ್ತುಕೊಂಡು ಹೊರಗೆ ಅಂಚೆ ಹಂಚುವವರು, ಪಾಠ ಮಾಡುವವರು, ಹೊಲ ಉಳುವವರು ಎಷ್ಟು ಮಂದಿ ಎಂದು ಯಾರೂ ಎಣಿಸಿರಲಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದ ಗಂಡಸರು ಸುಮಾರು 3 ಕೋಟಿ. ಸಾವಿರಕ್ಕೊಬ್ಬ ಎಂದು ಹಿಡಿದರೆ ನಮ್ಮ ರಾಜ್ಯವೊಂದರಲ್ಲೇ ಸುಮಾರು 30,000 ಮಂದಿ ಇಂಥವರು ಇರಬೇಕು. ಅವರಲ್ಲಿ ಬಹುಪಾಲು ಜನರಿಗೆ ತಮ್ಮ ಮೈಯಲ್ಲಿ ಅಂಥದ್ದೊಂದಿದೆ ಎಂಬುದೇ ಗೊತ್ತಿರುವುದಿಲ್ಲ. ಎತ್ತರ ಸ್ವಲ್ಪ ಹೆಚ್ಚಿರಬಹುದು, ಕೆಲವರಿಗೆ ಚಿಕ್ಕಂದಿನಲ್ಲಿ ಮಾತು, ಓದು ತುಸು ತಡವಾಗಬಹುದು.

1966ರ ಜುಲೈನಲ್ಲಿ ಶಿಕಾಗೊದಲ್ಲಿ ರಿಚರ್ಡ್ ಸ್ಪೆಕ್ ಎಂಬವನು ನರ್ಸಿಂಗ್ ಓದುತ್ತಿದ್ದ ಎಂಟು ಯುವತಿಯರನ್ನು ಒಂದೇ ರಾತ್ರಿ ಕೊಂದ. ಅವನಿಗೆ ಎರಡು ವೈ ಇವೆಯೆಂದು 1968ರಲ್ಲಿ ಪತ್ರಿಕೆಗಳು ಬರೆದವು. ಪರೀಕ್ಷೆಯಲ್ಲಿ ಕಂಡದ್ದು ಎಲ್ಲ ಗಂಡಸರಿಗಿರುವ ಒಂದೇ ವೈ. ಸುಳ್ಳು ಸುದ್ದಿ ಮಾತ್ರ ಪಠ್ಯಪುಸ್ತಕಗಳವರೆಗೂ ಹೋಗಿ ನೆಲೆಸಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಒಬ್ಬ, ಮೆಲ್ಬರ್ನ್‌ನಲ್ಲಿ ಒಬ್ಬ ಕೊಲೆ ಆರೋಪಿ ನಿಜವಾಗಿಯೂ ಇದೇ ವಾದದೊಂದಿಗೆ ಕಟಕಟೆ ಹತ್ತಿದರು. ಮುಂದೆ ಅದು ಮನರಂಜನೆಯ ಸರಕಾಯಿತು. ಬ್ರಿಟನ್ನಿನ ಗ್ರನಾಡ ಟೀವಿ 1976ರಲ್ಲಿ ‘ದಿ ಎಕ್ಸ್‌ವೈವೈ ಮ್ಯಾನ್’ ಎಂಬ ಸರಣಿಯನ್ನೇ ಶುರು ಮಾಡಿತು. ಅದರ ನಾಯಕ ಹೆಚ್ಚುವರಿ ವೈ ಇರುವ ಕಳ್ಳ, ಕಳ್ಳತನ ಬಿಡಬೇಕೆಂದರೂ ಬಿಡಲಾರದವನು.

ಸರಿಯಾಗಿ ಆ ವರ್ಷವೇ ಡೆನ್ಮಾರ್ಕಿನಿಂದ ಬೇರೆ ಲೆಕ್ಕ ಬಂತು. ಹರ್ಮನ್ ವಿಟ್ಕಿನ್ ಮತ್ತು ಸಂಗಡಿಗರು ಜೈಲಿನ ಗೊಡವೆಗೇ ಹೋಗದೆ, ಕೋಪನ್‌ಹೇಗನ್ನಿನಲ್ಲಿ ಹುಟ್ಟಿ ಬೆಳೆದ 4,139 ಎತ್ತರದ ಗಂಡಸರ ಕ್ರೋಮೋಸೋಮ್ ಪರೀಕ್ಷಿಸಿದ್ದರು. ಎರಡು ವೈ ಇದ್ದವರು 12 ಮಂದಿ. ಅವರಲ್ಲಿ ಐವರಿಗೆ ಯಾವುದೋ ಒಂದು ಅಪರಾಧಕ್ಕೆ ಶಿಕ್ಷೆಯಾಗಿತ್ತು. ಪ್ರಮಾಣ ಹೆಚ್ಚೇ. ಆದರೆ ಬಹುತೇಕ ಎಲ್ಲವೂ ಚಿಲ್ಲರೆ ಕಳ್ಳತನದಂಥವು, ಮನುಷ್ಯರ ಮೇಲೆ ಕೈಮಾಡಿದ್ದು ಒಬ್ಬ. ಇವರು ಸಿಕ್ಕಿಬೀಳುವುದಕ್ಕೂ ಓದಿನಲ್ಲಿ ಹಿಂದುಳಿದದ್ದಕ್ಕೂ ನಂಟಿತ್ತು. ವಿಜ್ಞಾನದ ಮಟ್ಟಿಗೆ ‘ಕೊಲೆಗಡುಕ ವೈ’ ಅಲ್ಲಿಗೆ ಸತ್ತುಹೋಯಿತು. ಟೀವಿಯ ಮಟ್ಟಿಗೆ ಸಾಯಲಿಲ್ಲ. ‘ಬಾರ್ನ್ ಬ್ಯಾಡ್’ ಬಂದದ್ದು ಹದಿನೇಳು ವರ್ಷಗಳ ಮೇಲೆ. ಮೂವತ್ತೊಂದು ವರ್ಷಗಳ ಮೇಲೆ, 2007ರಲ್ಲಿ, ‘ಸಿಎಸ್ಐ: ಮಯಾಮಿ’ ಮತ್ತೊಬ್ಬ ಎರಡು ವೈಗಳ ಸರಣಿ ಹಂತಕನನ್ನು ತಂದು ನಿಲ್ಲಿಸಿತು. ಬರೆಯುವವರಿಗೆ ಇದಕ್ಕಿಂತ ಅನುಕೂಲದ ಖಳ ಸಿಗುವುದಿಲ್ಲ. ಒಂದೇ ಒಂದು ಎಕ್ಸ್‌ರೇಯಂಥ ಚಿತ್ರ ತೋರಿಸಿ ಕಥೆ ಮುಗಿಸಬಹುದು.

ವೈ ಹಳತಾದಾಗ ಹೊಸ ಸರಕೊಂದು ಬಂತು. ನೆದರ್ಲೆಂಡಿನ ನೈಮೇಖನ್‌ನಲ್ಲಿ ಹಾನ್ ಬ್ರನ್ನರ್ ಎಂಬ ವೈದ್ಯ ವಿಜ್ಞಾನಿ ಒಂದು ಕುಟುಂಬವನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಆ ಮನೆತನದ ಕೆಲವು ಗಂಡಸರಿಗೆ ಬುದ್ಧಿಮಟ್ಟ ಸ್ವಲ್ಪ ಕಡಿಮೆ, ಸಿಟ್ಟು ನೆತ್ತಿಗೇರಿದರೆ ಹಿಡಿತವಿಲ್ಲ. ಒಬ್ಬ ತನ್ನ ಮೇಲಧಿಕಾರಿಯ ಮೇಲೆ ಕಾರು ಹತ್ತಿಸಲು ನೋಡಿದ್ದ, ಬೆಂಕಿ ಹಚ್ಚಿದವರಿದ್ದರು, ಹೆಂಗಸರ ಮೇಲೆ ಎರಗಿದವರಿದ್ದರು. ಬ್ರನ್ನರ್ ಅವರ ತಂಡ ಅವರೆಲ್ಲರಲ್ಲೂ ಎಂಎಒಎ ಎಂಬ ಜೀನ್ ಕೆಟ್ಟುಹೋಗಿದೆ ಎಂದು 1993ರಲ್ಲಿ ತೋರಿಸಿತು. ನರಕೋಶಗಳ ನಡುವೆ ಸುದ್ದಿ ಮುಟ್ಟಿಸುವ ಸೆರೊಟೋನಿನ್, ಡೋಪಮಿನ್‌ನಂಥ ರಾಸಾಯನಿಕಗಳನ್ನು ಕೆಲಸ ಮುಗಿದ ಮೇಲೆ ಒಡೆದುಹಾಕುವ ಒಂದು ಕಿಣ್ವವಿದೆ. ಅದನ್ನು ತಯಾರಿಸಲು ಬೇಕಾದ ಮಾಹಿತಿ ಇರುವುದು ಈ ಜೀನ್‌ನಲ್ಲಿ. ಜೀನ್ ಕುಳಿತಿರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ. ಹೆಂಗಸರಿಗೆ ಒಂದು ಪ್ರತಿ ಕೆಟ್ಟರೂ ಇನ್ನೊಂದು ಇರುತ್ತದೆ, ಗಂಡಸರಿಗೆ ಇರುವುದೇ ಒಂದು. ಆ ಮನೆಯ ಹೆಂಗಸರು ಸರಿಯಾಗಿದ್ದು ಗಂಡಸರು ಮಾತ್ರ ಬಳಲಿದ್ದು ಇದಕ್ಕೇ.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗುತ್ತವೆ. ಟೀವಿಯ ವಕೀಲರೂ ನಿಜದ ಕೆಲವು ವಕೀಲರೂ ಎಡವುವುದು ಇಲ್ಲಿಯೇ. ಡಚ್ ಕುಟುಂಬದಲ್ಲಿ ಕಿಣ್ವ ಒಂದಿಷ್ಟೂ ತಯಾರಾಗುತ್ತಿರಲಿಲ್ಲ. ಅಂಥ ದೋಷ ಅಪರೂಪದಲ್ಲಿ ಅಪರೂಪ, ಜಗತ್ತಿನಲ್ಲಿ ಬೆರಳೆಣಿಕೆಯ ಕುಟುಂಬಗಳಲ್ಲಿ ಮಾತ್ರ ಕಂಡಿದೆ. ಪತ್ರಿಕೆಗಳು ‘ಯೋಧ ಜೀನ್’ ಎಂದು ಹೆಸರಿಟ್ಟು ಕುಣಿದಾಡುವುದು ಅದನ್ನಲ್ಲ. ಅದೇ ಜೀನ್‌ನ ಇನ್ನೊಂದು ರೂಪವಿದೆ. ಅದು ಕಿಣ್ವವನ್ನು ತಯಾರಿಸುತ್ತದೆ, ತುಸು ಕಡಿಮೆ ತಯಾರಿಸುತ್ತದೆ. ಆ ರೂಪ ಯುರೋಪ್ ಮೂಲದ ಗಂಡಸರಲ್ಲಿ ಮೂರಕ್ಕೊಬ್ಬರಲ್ಲಿದೆ, ಪೂರ್ವ ಏಷ್ಯಾದಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಸರಲ್ಲಿದೆ. ಮೂರರಲ್ಲೊಬ್ಬ ಹೊತ್ತಿರುವ ಜೀನ್ ಕೊಲೆಗೆ ನೆಪವಾಗುವುದಾದರೆ ಅಲ್ಲಿನ ಬೀದಿಗಳಲ್ಲಿ ಸುರಕ್ಷಿತವಾಗಿ ನಡೆದಾಡುವುದೇ ಕಷ್ಟವಾಗುತ್ತಿತ್ತು. ಆಕ್ರಮಣಕ್ಕೆಂದೇ ಒಂದು ಜೀನ್ ಇದೆ ಎಂಬ ಮಾತಿಗೆ ಅರ್ಥವಿಲ್ಲವೆಂದು ಸ್ವತಃ ಬ್ರನ್ನರ್ ಹೇಳಿದ್ದಾರೆ.

ಹಾಗಾದರೆ ಕಡಿಮೆ ಕಿಣ್ವದ ರೂಪಕ್ಕೂ ಹಿಂಸೆಗೂ ಏನೂ ಸಂಬಂಧವಿಲ್ಲವೇ? ಇದೆ, ಆದರೆ ಸುತ್ತುದಾರಿಯಲ್ಲಿ. ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಬೆನ್ನುಹತ್ತಿ ನೋಡಿದ್ದಾರೆ. ಅವಶಾಲೊಮ್ ಕ್ಯಾಸ್ಪಿ, ಟೆರಿ ಮಾಫಿಟ್ ಮತ್ತು ಸಂಗಡಿಗರು ಅವರಲ್ಲಿ ಗಂಡುಮಕ್ಕಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದರು. ಕಡಿಮೆ ಕಿಣ್ವವಿದ್ದು ಚಿಕ್ಕಂದಿನಲ್ಲಿ ಹೊಡೆತ, ತಿರಸ್ಕಾರ, ದೌರ್ಜನ್ಯ ಉಂಡವರು ಗುಂಪಿನಲ್ಲಿ ಶೇ 12. ಹಿಂಸೆಯ ಅಪರಾಧಕ್ಕೆ ಆ ಗುಂಪಿಗೆ ಬಿದ್ದ ಶಿಕ್ಷೆಗಳಲ್ಲಿ ಶೇ 44 ಅವರ ಪಾಲಿನದು. ಅದೇ ಜೀನ್ ಇದ್ದು ಒಳ್ಳೆಯ ಮನೆಯಲ್ಲಿ ಬೆಳೆದವರು ಉಳಿದವರಿಗಿಂತ ಕೆಟ್ಟವರೇನೂ ಆಗಲಿಲ್ಲ. ಮುಂದೆ ಬಂದ ಅಧ್ಯಯನಗಳಲ್ಲಿ ಕೆಲವು ಇದನ್ನು ಎತ್ತಿಹಿಡಿದವು, ಕೆಲವಕ್ಕೆ ಈ ನಂಟು ಸಿಗಲಿಲ್ಲ. ಸಿಕ್ಕಲ್ಲೂ ಅದು ದೊಡ್ಡದಲ್ಲ. ನನಗೆ ಈ ಅಂಕಿಯಲ್ಲಿ ಜೀನ್‌ಗಿಂತ ಹೊಡೆತವೇ ದೊಡ್ಡದಾಗಿ ಕಾಣುತ್ತದೆ. ಧಾರಾವಾಹಿಗಳಲ್ಲಿ ಹಾಗೆ ಕಾಣುವುದು ಅಪರೂಪ. ಹೊಡೆಯುವ ತಂದೆಯನ್ನು ತೋರಿಸುವುದಕ್ಕಿಂತ ಡಿಎನ್‌ಎ ಸುರುಳಿ ತಿರುಗುವ ಗ್ರಾಫಿಕ್ಸ್ ತೋರಿಸುವುದು ಸುಲಭವೂ ಹೌದು, ಸುಂದರವೂ ಹೌದು.

ಇನ್ನೊಂದು ಅಂಕಿಯೂ ಆಗಾಗ ಕಿವಿಗೆ ಬೀಳುತ್ತದೆ. ಅವಳಿಗಳ ಮತ್ತು ದತ್ತುಮಕ್ಕಳ 51 ಅಧ್ಯಯನಗಳನ್ನು ಒಟ್ಟುಮಾಡಿದ 2002ರ ಒಂದು ವಿಶ್ಲೇಷಣೆಯಲ್ಲಿ, ಸಮಾಜವಿರೋಧಿ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ 41 ವಂಶದಿಂದ ಬರುತ್ತದೆ ಎಂದಿತ್ತು. ಇದನ್ನು ಕೇಳಿ ‘ಅವನ ತಪ್ಪಿನಲ್ಲಿ ಶೇ 41 ಅಪ್ಪ ಅಮ್ಮಂದು’ ಎಂದುಕೊಂಡರೆ ಮೋಸಹೋದಂತೆ. ಆ ಅಂಕಿ ಹೇಳುವುದು ಸಾವಿರಾರು ಜನರ ಗುಂಪಿನೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಯಾಕೆ ವ್ಯತ್ಯಾಸ ಎಂಬುದನ್ನು. ಕಟಕಟೆಯಲ್ಲಿ ನಿಂತ ಒಬ್ಬ ಮನುಷ್ಯನ ಬಗ್ಗೆ ಅದು ಬಾಯೇ ಬಿಡುವುದಿಲ್ಲ. ಒಂದು ಬಟ್ಟಲು ಸಾರಿನ ರುಚಿಯಲ್ಲಿ ಹುಣಸೆಹಣ್ಣಿನ ಪಾಲೆಷ್ಟು, ಬೇಳೆಯ ಪಾಲೆಷ್ಟು ಎಂದು ಬೇರೆ ಮಾಡಿ ತೋರಿಸಲು ಎಂಥ ಅಡುಗೆಯವರಿಂದಲೂ ಆಗದು.

ಇಷ್ಟಾದರೂ ಟೀವಿ ನೋಡುವವರು ಈ ವಾದಕ್ಕೆ ಯಾಕೆ ಇಷ್ಟು ಬೇಗ ಒಲಿಯುತ್ತಾರೆ? ನನಗೆ ತೋರುವ ಕಾರಣ ಇದು: ಅದೇ ಟೀವಿ ಅವರಿಗೆ ಡಿಎನ್‌ಎ ಎಂದೂ ಸುಳ್ಳು ಹೇಳುವುದಿಲ್ಲ ಎಂದು ಕಲಿಸಿಬಿಟ್ಟಿದೆ.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಅವರು 1984ರಲ್ಲಿ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದರು. ಮೂರೇ ವರ್ಷಗಳಲ್ಲಿ ಅದು ಅದೇ ಸೀಮೆಯ ಇಬ್ಬರು ಶಾಲಾ ಬಾಲಕಿಯರ ಕೊಲೆ ಪ್ರಕರಣವನ್ನು ಬಿಡಿಸಿತು. ಮೊದಲು ಅದು ಮಾಡಿದ್ದು, ಪೊಲೀಸರ ಮುಂದೆ ತಪ್ಪೊಪ್ಪಿಕೊಂಡಿದ್ದ ಹುಡುಗನೊಬ್ಬ ನಿರಪರಾಧಿ ಎಂದು ತೋರಿಸಿದ್ದು. ಆಮೇಲೆ ಸಿಕ್ಕಿಬಿದ್ದ ಕಾಲಿನ್ ಪಿಚ್‌ಫೋರ್ಕ್‌ಗೆ 1988ರಲ್ಲಿ ಶಿಕ್ಷೆಯಾಯಿತು. 2000ದಲ್ಲಿ ‘ಸಿಎಸ್ಐ’ ಶುರುವಾದ ಮೇಲಂತೂ ವಾರವಾರವೂ ಅದೇ. ಒಂದು ಕೂದಲು, ಒಂದು ಹನಿ ಎಂಜಲು, ಯಂತ್ರದ ಗುಂಯ್ ಸದ್ದು, ಪರದೆಯ ಮೇಲೆ ‘ಹೊಂದಿಕೆ ಸಿಕ್ಕಿದೆ’. ಆ ರಕ್ತ ಇವನದೇ ಎಂದು ಹೇಳುವ ವಿಷಯದಲ್ಲಿ ಡಿಎನ್‌ಎ ನಿಜಕ್ಕೂ ಅಷ್ಟು ಗಟ್ಟಿ. ಮಾದರಿ ಚೆನ್ನಾಗಿದ್ದರೆ ತಪ್ಪುವ ಸಾಧ್ಯತೆ ಕೋಟಿಗಳಲ್ಲಿ ಒಂದು. ಹಾಗೆ ನಂಬಿಸಿದ ಮೇಲೆ ಅದೇ ಪ್ರಯೋಗಾಲಯ, ಅದೇ ಬಿಳಿ ಕೋಟು, ಅದೇ ಗಾಜಿನ ಕೊಳವೆ ಇಟ್ಟುಕೊಂಡು ‘ಇವನ ಸ್ವಭಾವವೂ ಇದರಲ್ಲಿದೆ’ ಎಂದರೆ ನೋಡುಗ ಹೂಂ ಅನ್ನದೆ ಏನು ಮಾಡುತ್ತಾನೆ? ಎರಡು ಮಾತುಗಳ ನಡುವೆ ಅಜಗಜಾಂತರವಿದೆ. ಗುರುತು ಹೇಳುವ ಪರೀಕ್ಷೆ ಒಬ್ಬನೇ ಒಬ್ಬನತ್ತ ಬೆರಳು ತೋರಿಸುತ್ತದೆ. ಸ್ವಭಾವ ಹೇಳುವ ಪರೀಕ್ಷೆ ಇಂಥ ಸಾವಿರ ಜನರಲ್ಲಿ ತುಸು ಹೆಚ್ಚು ಮಂದಿ ದಾರಿ ತಪ್ಪಬಹುದು ಎನ್ನುತ್ತದೆ, ಯಾರು ಎಂದು ಅದಕ್ಕೆ ಗೊತ್ತಿಲ್ಲ. ಮೊದಲನೆಯದರ ವಿಶ್ವಾಸವನ್ನು ಎರಡನೆಯದು ಕಡ ತಂದು ಬದುಕುತ್ತಿದೆ.

ಇನ್ನು ಕಾನೂನಿನ ಕಡೆಗೆ. 1843ರಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬವನು ಬ್ರಿಟಿಷ್ ಪ್ರಧಾನಿಯ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ. ಅವನಿಗೆ ಬುದ್ಧಿಭ್ರಮಣೆ ಎಂದು ಬಿಟ್ಟದ್ದು ದೊಡ್ಡ ಗದ್ದಲವಾಗಿ, ನ್ಯಾಯಾಧೀಶರು ಒಂದು ಅಳತೆಗೋಲು ಹಾಕಿಕೊಟ್ಟರು. ನಮ್ಮ ಭಾರತೀಯ ದಂಡಸಂಹಿತೆಯ 84ನೇ ಕಲಂ ಅದರ ಜಾಡಿನಲ್ಲೇ ಹುಟ್ಟಿದ್ದು. 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆಯ 22ನೇ ಕಲಂ ಆಗಿ ಅದು ಮುಂದುವರಿದಿದೆ. ಅದು ಕೇಳುವ ಪ್ರಶ್ನೆ ಸರಳ. ಕೃತ್ಯ ಎಸಗಿದ ಹೊತ್ತಿನಲ್ಲಿ, ಮನೋವಿಕಲತೆಯ ಕಾರಣದಿಂದ, ತಾನೇನು ಮಾಡುತ್ತಿದ್ದೇನೆ ಎಂದಾಗಲಿ ಅದು ತಪ್ಪು, ಕಾನೂನಿಗೆ ವಿರುದ್ಧ ಎಂದಾಗಲಿ ಅರಿಯುವ ಶಕ್ತಿ ಅವನಿಗೆ ಇರಲಿಲ್ಲವೇ? ‘ಗೊತ್ತಿತ್ತು, ಆದರೆ ತಡೆದುಕೊಳ್ಳಲು ಆಗಲಿಲ್ಲ’ ಎಂಬುದಕ್ಕೆ ನಮ್ಮ ಕಾನೂನಿನಲ್ಲಿ ಜಾಗವಿಲ್ಲ. ಎಂಎಒಎ ಪರೀಕ್ಷೆಯ ಕಾಗದ ಹೇಳುವುದು ಹೆಚ್ಚೆಂದರೆ ಈ ಎರಡನೆಯ ಮಾತನ್ನು, ಅದೂ ತೊದಲುತ್ತ.

ಹಠಾತ್ತನೆ ಕೆರಳಿಸಿದ್ದರಿಂದ ಕೊಂದೆ ಎನ್ನುವ ದಾರಿಯೂ ಇದೆ. ಅದು ಸಾಬೀತಾದರೆ ಕೃತ್ಯ ಕೊಲೆಯ ಮಟ್ಟದಿಂದ ಕೆಳಗಿಳಿಯುತ್ತದೆ. ನೌಕಾಪಡೆಯ ಕಮಾಂಡರ್ ನಾನಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಇದಕ್ಕೆ ಅಳತೆ ಹೇಳಿತು. ಆರೋಪಿಯಂಥದೇ ಸಮಾಜದಿಂದ ಬಂದ, ವಿವೇಕವುಳ್ಳ ಸಾಮಾನ್ಯ ಮನುಷ್ಯನೊಬ್ಬ ಆ ಸಂದರ್ಭದಲ್ಲಿ ಹಿಡಿತ ತಪ್ಪುತ್ತಿದ್ದನೇ ಎಂದು ನೋಡಬೇಕು. ಹುಟ್ಟಾ ಮುಂಗೋಪಿಗೆಂದು ಬೇರೆ ಅಳತೆಗೋಲು ಅದರಲ್ಲಿಲ್ಲ.

ಇದು ನಿಷ್ಕರುಣೆ ಎನಿಸಬಹುದು. ಹುಟ್ಟಿನಿಂದ ಬಂದದ್ದಕ್ಕೆ ಮನುಷ್ಯ ಏನು ಮಾಡಿಯಾನು ಎಂಬ ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಎಲ್ಲ ಕೃತ್ಯಕ್ಕೂ ಹಿಂದೆ ಕಾರಣಗಳಿರುತ್ತವೆ. ಕಾರಣ ತಿಳಿದೊಡನೆ ಹೊಣೆ ಕಳಚಿಬೀಳುವುದಾದರೆ, ವಿಜ್ಞಾನ ಬೆಳೆದಂತೆಲ್ಲ ಜೈಲುಗಳು ಖಾಲಿಯಾಗಬೇಕು. ಒಂದು ಉದಾಹರಣೆ ಸಾಕು. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಗತ್ತಿನ ಕೊಲೆ ಆರೋಪಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಗಂಡಸರು. ಎಂದರೆ, ಹಿಂಸೆಯೊಂದಿಗೆ ಎಂಎಒಎಗಿಂತ ಎಷ್ಟೋ ಪಟ್ಟು ಹೆಚ್ಚು ನಂಟು ತೋರುವ ಒಂದು ಆನುವಂಶಿಕ ಲಕ್ಷಣ ನಮ್ಮ ಕಣ್ಣೆದುರೇ ಇದೆ. ಒಂದೇ ಒಂದು ವೈ ಕ್ರೋಮೋಸೋಮ್. ‘ಸ್ವಾಮಿ, ನಾನು ಗಂಡಸು’ ಎಂದು ಹೇಳಿ ಶಿಕ್ಷೆ ಕಡಿಮೆ ಮಾಡಿಸಿಕೊಂಡವರನ್ನು ನಾನು ಕೇಳಿಲ್ಲ.

ನಿಜದ ನ್ಯಾಯಾಲಯಗಳಲ್ಲಿ ಏನಾಗಿದೆ ನೋಡಿ. ಜಾರ್ಜಿಯಾ ರಾಜ್ಯದ ಸ್ಟೀಫನ್ ಮೋಬ್ಲಿ 1991ರಲ್ಲಿ ಪಿಜ್ಜಾ ಅಂಗಡಿಯೊಂದರ ವ್ಯವಸ್ಥಾಪಕನನ್ನು ಕೊಂದವನು. ಡಚ್ ಕುಟುಂಬದ ಸುದ್ದಿ ಬಂದದ್ದೇ ಅವನ ವಕೀಲರು ಎಂಎಒಎ ಪರೀಕ್ಷೆಗೆ ಅನುಮತಿ ಕೇಳಿದರು. ಮೋಬ್ಲಿಯ ಮನೆತನದಲ್ಲಿ ತಲೆಮಾರುಗಳಿಂದ ಒರಟರಿದ್ದಾರೆ ಎಂದು ಸಾಕ್ಷ್ಯ ಹೇಳಿಸಿದರು. ನ್ಯಾಯಾಲಯ ಒಪ್ಪಲಿಲ್ಲ. 2005ರಲ್ಲಿ ಅವನಿಗೆ ಮರಣದಂಡನೆಯಾಯಿತು. ಟೆನೆಸ್ಸಿಯ ಬ್ರ್ಯಾಡ್ಲಿ ವಾಲ್ಡ್ರೂಪ್ ಪ್ರಕರಣ ತಿರುಗಿದ್ದು ಬೇರೆ ಕಡೆಗೆ. 2006ರಲ್ಲಿ ಅವನು ಬೇರೆಯಾಗಿದ್ದ ಹೆಂಡತಿಯ ಗೆಳತಿಯನ್ನು ಗುಂಡಿಟ್ಟು ಕೊಂದು, ಹೆಂಡತಿಯನ್ನು ಮಚ್ಚಿನಿಂದ ಕೊಚ್ಚಿದ್ದ. ಸರ್ಕಾರಿ ವಕೀಲರು ಮರಣದಂಡನೆ ಕೇಳಿದ್ದರು. ಕಡಿಮೆ ಕಿಣ್ವದ ಜೀನ್ ಜೊತೆಗೆ ಬಾಲ್ಯದಲ್ಲಿ ದೌರ್ಜನ್ಯ ಎಂದು ಮನೋವೈದ್ಯರೊಬ್ಬರು 2009ರಲ್ಲಿ ಸಾಕ್ಷ್ಯ ನುಡಿದರು. ಜ್ಯೂರಿ ಅದನ್ನು ಯೋಜಿತ ಕೊಲೆ ಎನ್ನದೆ ಆವೇಶದ ಹತ್ಯೆ ಎಂದಿತು. 32 ವರ್ಷ ಸೆರೆವಾಸವಾಯಿತು. ಅದೇ ವರ್ಷ ಇಟಲಿಯ ಟ್ರಿಯೆಸ್ಟ್ ಮೇಲ್ಮನವಿ ನ್ಯಾಯಾಲಯ ಕೊಲೆ ಅಪರಾಧಿಯೊಬ್ಬನ ಜೀನ್ ವರದಿ ನೋಡಿ ಶಿಕ್ಷೆಯಲ್ಲಿ ಒಂದು ವರ್ಷ ಇಳಿಸಿತು.

ಇವುಗಳಲ್ಲಿ ಯಾವುದರಲ್ಲೂ ಆರೋಪಿ ಬಿಡುಗಡೆಯಾಗಲಿಲ್ಲ ಎಂಬುದನ್ನು ಗಮನಿಸಬೇಕು. ಟೀವಿ ಕಟ್ಟುವ ಕುತೂಹಲ, ಬಿಡುತ್ತಾರೋ ಹಾಕುತ್ತಾರೋ ಎಂಬುದು. ನಿಜದಲ್ಲಿ ಎಳೆದಾಟ ನಡೆಯುವುದು ಎಷ್ಟು ವರ್ಷ ಎಂಬುದರ ಸುತ್ತ. ಆ ಎಳೆದಾಟವನ್ನು ಅಳೆಯಲು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 181 ನ್ಯಾಯಾಧೀಶರಿಗೆ ಒಂದು ಕಲ್ಪಿತ ಪ್ರಕರಣ ಕೊಟ್ಟು ಶಿಕ್ಷೆ ಬರೆಯಿರಿ ಎಂದರು. ಅದು ಮೋಬ್ಲಿಯ ಪ್ರಕರಣವನ್ನೇ ಹೋಲುತ್ತಿತ್ತು. ಅಪರಾಧಿಗೆ ಮನೋರೋಗವಿದೆ ಎಂದಷ್ಟೇ ತಿಳಿದವರು ಸರಾಸರಿ 13.93 ವರ್ಷ ಬರೆದರು. ಅದರ ಹಿಂದಿನ ಜೀನ್, ಮೆದುಳಿನ ವಿವರಣೆಯನ್ನೂ ಓದಿದವರು 12.83 ವರ್ಷ ಬರೆದರು. 2012ರ ಈ ಅಧ್ಯಯನದಲ್ಲಿ ಅಷ್ಟೆಲ್ಲ ವಿಜ್ಞಾನದ ಬೆಲೆ ಸುಮಾರು ಒಂದು ವರ್ಷ. ಅದೇ ವಿವರಣೆ ಬೇರೊಂದು ಚಿಂತೆಯನ್ನೂ ಹುಟ್ಟಿಸುತ್ತದೆ. ಸ್ವಭಾವ ಹುಟ್ಟಿನಿಂದ ಬಂದದ್ದಾದರೆ ಇವನು ಎಂದೂ ಬದಲಾಗುವುದಿಲ್ಲವಲ್ಲ, ಹೊರಗೆ ಬಿಡುವುದು ಹೇಗೆ? ಕ್ಷಮೆಗೆಂದು ತಂದ ಕಾಗದವೇ ಇನ್ನಷ್ಟು ವರ್ಷ ಕೂಡಿಹಾಕಲು ಕಾರಣವಾಗಬಹುದು. ಯಾವ ಧಾರಾವಾಹಿಯ ವಕೀಲರೂ ಕಕ್ಷಿದಾರನಿಗೆ ಈ ಅಪಾಯವನ್ನು ಹೇಳಿದ್ದನ್ನು ನಾನು ನೋಡಿಲ್ಲ.

ನಮ್ಮಲ್ಲಿಯೂ ಇಂಥ ವಾದ ಬರುವುದಾದರೆ ಶಿಕ್ಷೆಯ ಪ್ರಮಾಣದ ಹಂತದಲ್ಲೇ ಬಂದೀತು. ಮರಣದಂಡನೆ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಎಂದು 1980ರ ಬಚ್ಚನ್ ಸಿಂಗ್ ತೀರ್ಪು ಹೇಳಿತು. ಹಾಗೆ ನಿರ್ಧರಿಸುವ ಮೊದಲು ಅಪರಾಧಿಯ ಬಾಲ್ಯ, ಮನೆಯ ಸ್ಥಿತಿ, ಮಾನಸಿಕ ಆರೋಗ್ಯದ ವರದಿಗಳನ್ನು ತರಿಸಿ ನೋಡಬೇಕೆಂದು 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧಿಸಿತು. ಇದು ಒಳ್ಳೆಯ ದಾರಿ. ಹಸಿವು, ಹೊಡೆತ, ಶಾಲೆ ಬಿಟ್ಟ ಕಥೆ ನ್ಯಾಯಾಧೀಶರ ಮನಸ್ಸಿಗೆ ತಟ್ಟಲು ಜೀನ್‌ನ ಶಿಫಾರಸು ಬೇಕಿಲ್ಲ.

ಒಬ್ಬ ವಿಜ್ಞಾನಿಯ ಕಥೆ ಹೇಳಲೇಬೇಕು. ಕ್ಯಾಲಿಫೋರ್ನಿಯಾದ ಜೇಮ್ಸ್ ಫ್ಯಾಲನ್ ಕೊಲೆಗಾರರ ಮೆದುಳಿನ ಚಿತ್ರಗಳನ್ನು ಅಭ್ಯಾಸ ಮಾಡುತ್ತಿದ್ದವರು. ಇನ್ನೊಂದು ಸಂಶೋಧನೆಗೆಂದು ತಮ್ಮ ಮನೆಯವರ ಮೆದುಳಿನ ಚಿತ್ರಗಳನ್ನೂ ತೆಗೆಸಿದ್ದರು. ಅವುಗಳಲ್ಲಿ ಒಂದು ಥೇಟ್ ಕೊಲೆಗಾರನದರಂತೆ ಕಂಡಿತು. ಹೆಸರು ತೆರೆದು ನೋಡಿದರೆ ಅದು ಅವರದೇ. ಜೀನ್ ಪರೀಕ್ಷೆಯಲ್ಲಿ ಕಡಿಮೆ ಕಿಣ್ವದ ಎಂಎಒಎಯೂ ಸಿಕ್ಕಿತು. ಹೆಂಡತಿ, ಮಕ್ಕಳು, ಪ್ರಾಧ್ಯಾಪಕ ಹುದ್ದೆ ಎಲ್ಲ ಇದ್ದ ಅವರು ಯಾರನ್ನೂ ಕೊಂದವರಲ್ಲ. ಇದನ್ನೆಲ್ಲ ಅವರು 2013ರಲ್ಲಿ ಪುಸ್ತಕವಾಗಿ ಬರೆದರು. ತಾನು ಪ್ರೀತಿಯ ಮನೆಯಲ್ಲಿ ಬೆಳೆದದ್ದೇ ತನ್ನನ್ನು ಉಳಿಸಿತು ಎಂಬುದು ಅವರ ಎಣಿಕೆ. ಇಂಥವರನ್ನು ಆರೋಪಿಯ ಕಡೆಯವರು ಸಾಕ್ಷಿಯಾಗಿ ಕರೆಯುವುದಿಲ್ಲ. ಹೊತ್ತಿದ್ದರೂ ಕೊಲ್ಲದವರು ಕಥೆಗೆ ಬೇಡವಾದವರು.

ನನ್ನ ಚಿಂತೆ ಇರುವುದು ಈ ಬೇಡವಾದವರ ಬಗ್ಗೆಯೇ. ಜೀನ್ ಕೊಲೆಗಾರರನ್ನು ಕಾಪಾಡಿಬಿಡುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ. ಏನೂ ಮಾಡದವರನ್ನು ಅದು ಮೊದಲೇ ಅಪರಾಧಿ ಮಾಡಿಬಿಡುತ್ತದೆ ಎಂಬ ಭಯಕ್ಕೆ ಇತಿಹಾಸವೇ ಆಧಾರ. 1968ರಿಂದ ಬಾಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಹುಟ್ಟಿದ ಗಂಡುಮಕ್ಕಳನ್ನೆಲ್ಲ ಎರಡು ವೈಗಾಗಿ ತಪಾಸಣೆ ಮಾಡುವ ಯೋಜನೆ ನಡೆದಿತ್ತು. ಸಿಕ್ಕ ಮಕ್ಕಳ ತಂದೆತಾಯಿಗೆ ತಿಳಿಸಿ, ಮಗು ಬೆಳೆಯುವುದನ್ನು ಗಮನಿಸುವುದು ಉದ್ದೇಶ. ಜಾನ್ ಬೆಕ್‌ವಿತ್ ಮೊದಲಾದ ವಿಜ್ಞಾನಿಗಳು ಇದನ್ನು ಪ್ರತಿಭಟಿಸಿದರು. ತೊಟ್ಟಿಲಲ್ಲಿರುವ ಮಗನನ್ನು ಕೊಲೆಗಾರನಾಗಬಹುದು ಎಂಬ ಕಣ್ಣಿನಿಂದ ನೋಡುತ್ತ ಬೆಳೆಸುವ ತಾಯಿತಂದೆ ಅವನನ್ನು ಹೇಗೆ ಬೆಳೆಸಿಯಾರು ಎಂದು ಕೇಳಿದರು. 1975ರಲ್ಲಿ ತಪಾಸಣೆ ನಿಂತಿತು. ಡನೀಡಿನ್‌ನ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅವರ ಪ್ರಶ್ನೆಯ ತೂಕ ಗೊತ್ತಾಗುತ್ತದೆ.

ನಮ್ಮ ನೆಲದಲ್ಲಿ ಇದು ಪ್ರಯೋಗಾಲಯವೂ ಇಲ್ಲದೆ ನಡೆದುಹೋಗಿದೆ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಿತು. ಅಪರಾಧ ಮಾಡಿರಲಿ ಬಿಡಲಿ, ಠಾಣೆಯಲ್ಲಿ ಹೆಸರು ಬರೆಸಬೇಕು, ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅವರನ್ನು ಕೂಡಿಹಾಕಲು ಸೆಟ್ಲಮೆಂಟುಗಳಿದ್ದವು. ಹುಬ್ಬಳ್ಳಿಯಲ್ಲಿ ಆ ಬಡಾವಣೆಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ಅಲ್ಲಿನ ಹುಡುಗನೊಬ್ಬ ಕೆಲಸ ಕೇಳಿಕೊಂಡು ಹೋದಾಗ ವಿಳಾಸ ಹೇಳಲು ಹಿಂಜರಿದರೆ, ಅದರ ಹಿಂದೆ ಆ ಕಾಯ್ದೆಯ ನೆರಳಿದೆ.

ಸ್ವತಂತ್ರ ಭಾರತ ಆ ಕಾಯ್ದೆಯನ್ನು ಕಿತ್ತುಹಾಕಿ, 1952ರ ಆಗಸ್ಟ್ 31ರಂದು ಆ ಸಮುದಾಯಗಳನ್ನು ಪಟ್ಟಿಯಿಂದ ಬಿಡುಗಡೆ ಮಾಡಿತು. ಅದಾಗಿ ಎಪ್ಪತ್ತೆರಡು ವರ್ಷಗಳ ಬಳಿಕ, 2024ರ ಅಕ್ಟೋಬರ್ 3ರಂದು, ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಹೊರಡಿಸಬೇಕಾಯಿತು. ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನೂ, ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಉಲ್ಲೇಖಗಳನ್ನೂ ತೆಗೆದುಹಾಕಿ ಎಂದು ಅದು ಹೇಳಿತು. ಆ ಕೈಪಿಡಿಗಳು ಅಲ್ಲಿಯವರೆಗೂ ಜಾರಿಯಲ್ಲೇ ಇದ್ದವು.